ಹಿಂಪಡೆದರೂ ಹಿಂದಿರುಗದ ಸರಕು

2022ರ ಆಗಸ್ಟ್ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಅಮೆಜಾನ್ ಸಂಸ್ಥೆಗೆ ಒಂದು ಆದೇಶ ನೀಡಿತು. ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ಗುಣಮಟ್ಟಕ್ಕೆ ಹೊಂದದ 2,265 ಪ್ರೆಶರ್ ಕುಕ್ಕರ್‌ಗಳು ಅದರ ಜಾಲತಾಣದ ಮೂಲಕ ಮಾರಾಟವಾಗಿದ್ದವು. ಅವುಗಳನ್ನು ಕೊಂಡ ಪ್ರತಿಯೊಬ್ಬರಿಗೂ ವಿಷಯ ತಿಳಿಸಬೇಕು, ಕುಕ್ಕರ್‌ಗಳನ್ನು ಹಿಂಪಡೆಯಬೇಕು, ಬೆಲೆಯನ್ನು ಮರಳಿಸಬೇಕು, 45 ದಿನಗಳೊಳಗೆ ಅನುಪಾಲನಾ ವರದಿ ಸಲ್ಲಿಸಬೇಕು; ಇದಲ್ಲದೆ 1 ಲಕ್ಷ ರೂಪಾಯಿ ದಂಡವನ್ನೂ ತೆರಬೇಕು ಎಂಬುದು ಆದೇಶದ ಸಾರ. ಅದೇ ತಿಂಗಳು, ನಮ್ಮ ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಹೊಂದಿರುವ ಫ್ಲಿಪ್‌ಕಾರ್ಟ್ ಸಂಸ್ಥೆಗೂ 598 ಕುಕ್ಕರ್‌ಗಳ ಸಂಬಂಧ ಇಂತಹುದೇ ಆದೇಶ ಹೋಯಿತು. ದಂಡ ಅಲ್ಲಿಯೂ 1 ಲಕ್ಷವೇ. ಅಮೆಜಾನ್ ದೆಹಲಿ ಹೈಕೋರ್ಟಿನ ಮೊರೆ ಹೋಯಿತಾದರೂ, ಕೊಂಡವರಿಗೆ ವಿಷಯ ತಿಳಿಸುವಂತೆ ನ್ಯಾಯಾಲಯವೂ ಸೂಚಿಸಿತು.

ಈ ಆದೇಶಗಳಲ್ಲಿ ಇನ್ನೊಂದು ಅಂಕಿಯೂ ಇದೆ. ಆ 2,265 ಕುಕ್ಕರ್‌ಗಳ ಮಾರಾಟದಿಂದ ಅಮೆಜಾನ್‌ಗೆ ಶುಲ್ಕದ ರೂಪದಲ್ಲಿ ಬಂದ ಹಣ 6,14,825 ರೂಪಾಯಿ. ಫ್ಲಿಪ್‌ಕಾರ್ಟ್‌ಗೆ ಬಂದದ್ದು 1,84,263 ರೂಪಾಯಿ. ಅರ್ಥಶಾಸ್ತ್ರ ಓದಿದವನ ಕಣ್ಣು ಮೊದಲು ಇಂತಹ ಸಾಲುಗಳ ಮೇಲೆ ಬೀಳುತ್ತದೆ. ತಪ್ಪಿನಿಂದ ಬಂದ ಆದಾಯ 6 ಲಕ್ಷ, ತಪ್ಪಿಗೆ ತೆತ್ತ ದಂಡ 1 ಲಕ್ಷ. ಹಾಗಾದರೆ ಸಂಸ್ಥೆಯೊಂದಕ್ಕೆ ನಿಜವಾಗಿ ಬಿಸಿ ಮುಟ್ಟುವುದು ದಂಡದಿಂದಲ್ಲ, ಬೆಲೆಯ ಮರುಪಾವತಿಯಿಂದ. ಆ ಮರುಪಾವತಿಯ ಮೊತ್ತವಾದರೋ ಎಷ್ಟು ಮಂದಿ ಗ್ರಾಹಕರು ತಮ್ಮ ಕುಕ್ಕರನ್ನು ನಿಜವಾಗಿ ಹಿಂದಿರುಗಿಸುತ್ತಾರೆ ಎಂಬುದನ್ನು ಅವಲಂಬಿಸಿದೆ. ಒಬ್ಬರೂ ಹಿಂದಿರುಗಿಸದಿದ್ದರೆ ಖರ್ಚು ಶೂನ್ಯ. ಹೀಗಾಗಿ ಹಿಂಪಡೆಯುವ ಆದೇಶವನ್ನು ಪಾಲಿಸಬೇಕಾದವರಿಗೆ, ಆ ಆದೇಶ ಯಾರಿಗೂ ಕೇಳಿಸದಿರುವುದೇ ಲಾಭ.

ಕುಕ್ಕರಿನ ವಿಚಾರದಲ್ಲಿ ಇದು ಹುಡುಗಾಟದ ಮಾತಲ್ಲ. ಉತ್ತಮ ಕುಕ್ಕರಿನ ಮುಚ್ಚಳದ ಮೇಲೆ ಸೀಟಿ ಹೊಡೆಯುವ ತೂಕದ ಪಕ್ಕದಲ್ಲಿ ಒಂದು ಸುರಕ್ಷಾ ವಾಲ್ವ್ ಇರುತ್ತದೆ. ತೂಕದ ರಂಧ್ರವು ಬೇಳೆಯ ಸಿಪ್ಪೆಯಿಂದಲೋ ಅಕ್ಕಿಯ ಗಂಜಿಯಿಂದಲೋ ಕಟ್ಟಿಕೊಂಡು ಒಳಗಿನ ಒತ್ತಡ ಏರಿದಾಗ, ಆ ವಾಲ್ವಿನಲ್ಲಿರುವ ಮಿಶ್ರಲೋಹದ ಚೂರು ಕರಗಿ ಹಬೆಗೆ ದಾರಿ ಬಿಡಬೇಕು. ಇಡೀ ಪಾತ್ರೆಯ ಸುರಕ್ಷತೆ ನಿಂತಿರುವುದು ಆ ಚೂರು ನಿಗದಿತ ಶಾಖದಲ್ಲಿ ಕರಗುವುದರ ಮೇಲೆ. ಅದು ಕರಗುವುದೋ ಇಲ್ಲವೋ ಎಂಬುದನ್ನು ಅಂಗಡಿಯ ಕಟ್ಟೆಯ ಮುಂದೆ ನಿಂತ ಗೃಹಿಣಿ ಪರೀಕ್ಷಿಸಿ ನೋಡುವಂತಿಲ್ಲ. ಹೊಳಪು ಕಾಣುತ್ತದೆ, ಹಿಡಿ ಗಟ್ಟಿಯಿದೆಯೇ ಎಂದು ನೋಡಬಹುದು, ಬೆಲೆ ಚೌಕಾಸಿ ಮಾಡಬಹುದು. ಸರಕಿನ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ ಎಂಬ ಸನ್ನಿವೇಶದಲ್ಲಿ ಕೆಟ್ಟ ಸರಕೇ ಒಳ್ಳೆಯದನ್ನು ಮಾರುಕಟ್ಟೆಯಿಂದ ಓಡಿಸುತ್ತದೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯೊಂದಿಗೆ ತೋರಿಸಿದರು. 2001ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ಕಡ್ಡಾಯ ಗುಣಮಟ್ಟ, ಐಎಸ್ಐ ಗುರುತು, ತಪಾಸಣೆ ಇವೆಲ್ಲ ಆ ಅಜ್ಞಾನವನ್ನು ತುಂಬಿಕೊಡುವ ಉಪಾಯಗಳು. ಅವು ಸೋತಾಗ ಉಳಿಯುವ ಕೊನೆಯ ಉಪಾಯವೇ ಹಿಂಪಡೆಯುವಿಕೆ.

ನಮ್ಮ ದೇಶಕ್ಕೆ ಈ ಕಲ್ಪನೆ ಹೊಸದು. ನಮ್ಮ ಅಂಗಡಿಗಳ ರಸೀದಿಯ ಕೆಳಗೆ ದಪ್ಪಕ್ಷರದಲ್ಲಿ ಮುದ್ರಿತವಾಗಿರುತ್ತಿದ್ದ ಸಾಲು ಓದುಗರಿಗೆ ನೆನಪಿದೆ: ಒಮ್ಮೆ ಮಾರಿದ ಸರಕನ್ನು ಹಿಂದಕ್ಕೆ ತೆಗೆದುಕೊಳ್ಳಲಾಗುವುದಿಲ್ಲ. ನಮ್ಮ ಚಿಲ್ಲರೆ ವ್ಯಾಪಾರದ ಸಂವಿಧಾನವೆಲ್ಲ ಆ ಒಂದು ಸಾಲಿನಲ್ಲಿತ್ತು. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಅದಕ್ಕೆ ಸ್ವಲ್ಪ ಪೆಟ್ಟು ಕೊಟ್ಟಿತು. ಅಪಾಯಕಾರಿ ಸರಕನ್ನು ಮಾರಾಟದಿಂದ ಹಿಂತೆಗೆಯುವಂತೆ ಆದೇಶಿಸುವ ಅಧಿಕಾರ ಆ ಕಾಯ್ದೆಯಡಿ ಜಿಲ್ಲಾ ವೇದಿಕೆಗಳಿಗೂ ಇತ್ತು. ಆದರೆ ಅದಕ್ಕೆ ಯಾರಾದರೂ ದೂರು ಕೊಡಬೇಕಿತ್ತು. ದೂರು ಕೊಡಲು ಮೊದಲು ಪೆಟ್ಟು ತಿನ್ನಬೇಕಿತ್ತು. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಗ್ರಾಹಕ ಪರಿಷತ್ತಿನ ಸಭೆಗಳಲ್ಲಿ ನಾನು ಕುಳಿತ ವರ್ಷಗಳಲ್ಲಿ ಕಾರ್ಯಸೂಚಿಯ ವಿಷಯಗಳು ಹೆಚ್ಚುಕಡಿಮೆ ಬದಲಾಗುತ್ತಲೇ ಇರಲಿಲ್ಲ: ಸೀಮೆಎಣ್ಣೆಯ ಹಂಚಿಕೆ, ಅಡುಗೆ ಅನಿಲದ ಸಿಲಿಂಡರ್ ವಿಳಂಬ, ತೂಕದಲ್ಲಿ ಮೋಸ, ಪೆಟ್ರೋಲ್ ಬಂಕಿನ ಅಳತೆ. ಮಾರಾಟವಾಗಿ ಮನೆಯೊಳಗೆ ಸೇರಿದ ವಸ್ತುವೊಂದನ್ನು ಸರ್ಕಾರ ಬೆನ್ನಟ್ಟಿ ಹೋಗಿ ತರಬೇಕು ಎಂಬ ವಿಚಾರ ಆ ಮೇಜಿನ ಮೇಲೆ ಬಂದದ್ದಿಲ್ಲ.

2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆ ಈ ಕೊರತೆಯನ್ನು ಕಾಗದದ ಮೇಲೆ ತುಂಬಿತು. 2020ರ ಜುಲೈಯಲ್ಲಿ ಅದು ಜಾರಿಗೆ ಬಂದು, ಅದೇ ತಿಂಗಳು ಕೇಂದ್ರ ಪ್ರಾಧಿಕಾರವೂ ಸ್ಥಾಪನೆಯಾಯಿತು. ಕಾಯ್ದೆಯ 20ನೆಯ ಕಲಮು, ಅಪಾಯಕಾರಿಯೂ ಅಸುರಕ್ಷಿತವೂ ಆದ ಸರಕನ್ನು ಹಿಂಪಡೆಯುವಂತೆ, ಕೊಂಡವರಿಗೆ ಬೆಲೆ ಮರಳಿಸುವಂತೆ ಆದೇಶಿಸುವ ಅಧಿಕಾರವನ್ನು ಅದಕ್ಕೆ ಕೊಟ್ಟಿದೆ. ಯಾರೋ ಒಬ್ಬರು ಗಾಯಗೊಂಡು ಬರುವವರೆಗೆ ಕಾಯಬೇಕಿಲ್ಲ; ಪ್ರಾಧಿಕಾರ ತಾನಾಗಿಯೇ ತನಿಖೆ ನಡೆಸಬಹುದು. 2021ರ ಡಿಸೆಂಬರಿನಲ್ಲಿ ಹೆಲ್ಮೆಟ್, ಪ್ರೆಶರ್ ಕುಕ್ಕರ್ ಮತ್ತು ಅಡುಗೆ ಅನಿಲದ ಸಿಲಿಂಡರ್‌ಗಳ ಬಗ್ಗೆ ಅದು ಮೊದಲ ಸುರಕ್ಷತಾ ಸೂಚನೆ ಹೊರಡಿಸಿತು. ಕೆಲವೇ ದಿನಗಳಲ್ಲಿ ನೀರು ಕಾಯಿಸುವ ವಿದ್ಯುತ್ ಸಲಾಕೆ, ಗ್ಯಾಸ್ ಒಲೆ ಮುಂತಾದ ವಸ್ತುಗಳ ಬಗ್ಗೆ ಎರಡನೆಯದೂ ಬಂತು. ಒಳ್ಳೆಯ ಕಾಯ್ದೆ, ಒಳ್ಳೆಯ ಆರಂಭ. ಆದರೆ ಅಂಗಡಿಯ ಕಪಾಟಿನಿಂದ ಸರಕು ತೆಗೆಸುವುದು ಬೇರೆ, ಅಡುಗೆಮನೆಯಿಂದ ತರಿಸುವುದು ಬೇರೆ.

ಈ ಎರಡರ ನಡುವಿನ ಅಂತರವನ್ನು ತಿಳಿಯಲು, ಅರ್ಧ ಶತಮಾನದಿಂದ ಈ ಕೆಲಸದಲ್ಲಿ ಪಳಗಿರುವ ಅಮೆರಿಕದ ಅನುಭವವನ್ನು ನೋಡಬೇಕು. ಅಲ್ಲಿ ಗ್ರಾಹಕ ವಸ್ತುಗಳ ಸುರಕ್ಷತಾ ಆಯೋಗಕ್ಕೆ 1972ರ ಕಾಯ್ದೆ ಆಧಾರ. 1998ರ ಮೇ ತಿಂಗಳಲ್ಲಿ ಚಿಕಾಗೋ ನಗರದಲ್ಲಿ, ವಿಶ್ವವಿದ್ಯಾಲಯದ ಪ್ರಾಧ್ಯಾಪಕ ದಂಪತಿಯ ಒಂದೂವರೆ ವರ್ಷದೊಳಗಿನ ಮಗು, ಹಗಲು ಹೊತ್ತು ಬಿಡುತ್ತಿದ್ದ ಶಿಶುಪಾಲನಾ ಮನೆಯಲ್ಲಿ ಮಲಗಿದ್ದಾಗ ಅಸುನೀಗಿತು. ಮಲಗಿಸಿದ್ದು ಮಡಚಿ ಒಯ್ಯಬಹುದಾದ ತೊಟ್ಟಿಲಿನಲ್ಲಿ. ಅದರ ಮೇಲಂಚಿನ ಪಟ್ಟಿ ನಡುವೆ ಕುಸಿದು ಮಗುವಿನ ಕುತ್ತಿಗೆ ಸಿಕ್ಕಿಕೊಂಡಿತ್ತು. ಪರವಾನಗಿ ಇದ್ದ ಮನೆ ಅದು. ಕೆಲವೇ ದಿನಗಳ ಹಿಂದೆ ಸರ್ಕಾರಿ ತಪಾಸಕರು ಬಂದು ಹೋಗಿದ್ದರು. ತಂದೆತಾಯಿಗೆ ಆಮೇಲೆ ತಿಳಿದದ್ದು, ಆ ಮಾದರಿಯ ತೊಟ್ಟಿಲನ್ನು ಐದು ವರ್ಷಗಳ ಹಿಂದೆ, 1993ರಲ್ಲೇ, ಇದೇ ಬಗೆಯ ಸಾವುಗಳಾದ ಕಾರಣ ಹಿಂಪಡೆಯಲಾಗಿತ್ತು ಎಂದು. ಸರ್ಕಾರದ ಕಡತದಲ್ಲಿ ಆ ತೊಟ್ಟಿಲು ಇರಲೇ ಇಲ್ಲ. ಚಿಕಾಗೋದ ಮನೆಯಲ್ಲಿ ಇತ್ತು.

ಆ ದಂಪತಿ ಕೈಕಟ್ಟಿ ಕೂರಲಿಲ್ಲ. 'ಕಿಡ್ಸ್ ಇನ್ ಡೇಂಜರ್' ಎಂಬ ಸಂಸ್ಥೆ ಕಟ್ಟಿದರು. ಮರುವರ್ಷವೇ ಇಲಿನಾಯ್ ರಾಜ್ಯವು, ಹಿಂಪಡೆದ ಮಕ್ಕಳ ವಸ್ತುವನ್ನು ಮಾರುವುದನ್ನೂ ಶಿಶುಪಾಲನಾ ಕೇಂದ್ರಗಳಲ್ಲಿ ಬಳಸುವುದನ್ನೂ ನಿಷೇಧಿಸುವ ಕಾಯ್ದೆ ತಂದಿತು. 2008ರಲ್ಲಿ ಕೇಂದ್ರ ಕಾಯ್ದೆಯೇ ತಿದ್ದುಪಡಿಯಾದಾಗ, ಆ ಮಗುವಿನ ಹೆಸರಿನಲ್ಲೇ ಒಂದು ಭಾಗ ಅದರೊಳಗೆ ಸೇರಿತು. ಅದರಂತೆ ತೊಟ್ಟಿಲು, ಮಕ್ಕಳ ಗಾಡಿ, ಎತ್ತರದ ಊಟದ ಕುರ್ಚಿ ಮೊದಲಾದವನ್ನು ಮಾರುವ ತಯಾರಕನು ಅಂಚೆ ವೆಚ್ಚ ತೆತ್ತ ಒಂದು ನೋಂದಣಿ ಕಾರ್ಡನ್ನು ವಸ್ತುವಿನ ಜೊತೆಯಲ್ಲೇ ಕೊಡಬೇಕು. ಕೊಂಡವರ ವಿಳಾಸ ಇಟ್ಟುಕೊಳ್ಳಬೇಕು. ನಾಳೆ ಹಿಂಪಡೆಯಬೇಕಾಗಿ ಬಂದರೆ ನೇರವಾಗಿ ಅವರಿಗೇ ತಿಳಿಸಬೇಕು. ಒಂದು ಅಂಚೆ ಕಾರ್ಡು. ಅದಕ್ಕಾಗಿ ಹತ್ತು ವರ್ಷಗಳ ಹೋರಾಟ.

2008ರ ಕಾಯ್ದೆಗೆ ಬೇರೆ ಹಿನ್ನೆಲೆಯೂ ಇತ್ತು. 2006ರಲ್ಲಿ ಮಿನಿಯಾಪೊಲಿಸ್‌ನ ನಾಲ್ಕು ವರ್ಷದ ಬಾಲಕ, ಬೂಟಿನ ಜೊತೆ ಉಚಿತವಾಗಿ ಬಂದ ಕೈಬಳೆಯ ಹೃದಯಾಕಾರದ ತುಣುಕು ನುಂಗಿ ಸೀಸದ ವಿಷದಿಂದ ತೀರಿಕೊಂಡ. ಆ ತುಣುಕು ಬಹುಪಾಲು ಶುದ್ಧ ಸೀಸವೇ ಆಗಿತ್ತು. ರೀಬಾಕ್ ಸಂಸ್ಥೆ ಅಂತಹ ಮೂರು ಲಕ್ಷ ಬಳೆಗಳನ್ನು ಹಿಂಪಡೆಯಿತು. 2008ರಲ್ಲಿ ಹತ್ತು ಲಕ್ಷ ಡಾಲರ್ ದಂಡವನ್ನೂ ತೆತ್ತಿತು. 2007ರ ಆಗಸ್ಟಿನಲ್ಲಿ ಮ್ಯಾಟೆಲ್ ಸಂಸ್ಥೆಯು ಮೊದಲು ಸೀಸದ ಬಣ್ಣ ಬಳಿದ ಸುಮಾರು 15 ಲಕ್ಷ ಆಟಿಕೆಗಳನ್ನು, ಎರಡು ವಾರ ಕಳೆಯುವುದರೊಳಗೆ ಪುಟ್ಟ ಅಯಸ್ಕಾಂತಗಳು ಕಳಚಿ ಬರುವ ಸುಮಾರು 1.8 ಕೋಟಿ ಆಟಿಕೆಗಳನ್ನು ಜಗತ್ತಿನಾದ್ಯಂತ ಹಿಂಪಡೆಯಿತು. ಇಡೀ ಜಗತ್ತು ಚೀನಾದ ಕಾರ್ಖಾನೆಗಳ ಕಡೆಗೆ ಬೆರಳು ತೋರಿಸಿತು. ಆದರೆ ಸೆಪ್ಟೆಂಬರಿನಲ್ಲಿ ಅದೇ ಸಂಸ್ಥೆಯ ಉನ್ನತಾಧಿಕಾರಿಯೊಬ್ಬರು ಬೀಜಿಂಗ್‌ಗೆ ಹೋಗಿ ಕ್ಷಮೆ ಕೇಳಿ, ಹಿಂಪಡೆದ ಆಟಿಕೆಗಳಲ್ಲಿ ಬಹುಪಾಲಿನ ದೋಷ ತಮ್ಮದೇ ವಿನ್ಯಾಸದ್ದು ಎಂದು ಒಪ್ಪಿಕೊಳ್ಳಬೇಕಾಯಿತು. ಇದನ್ನು ನಾವು ನೆನಪಿಡುವುದು ಒಳ್ಳೆಯದು. ಏಕೆಂದರೆ 2009ರ ಜನವರಿಯಲ್ಲಿ ನಮ್ಮ ಸರ್ಕಾರವೂ ಚೀನಾದ ಆಟಿಕೆಗಳ ಆಮದನ್ನು ಆರು ತಿಂಗಳ ಮಟ್ಟಿಗೆ ನಿಷೇಧಿಸಿ, ಮಾರ್ಚ್ ತಿಂಗಳಲ್ಲೇ ಪ್ರಮಾಣಪತ್ರವಿದ್ದರೆ ಅಡ್ಡಿಯಿಲ್ಲ ಎಂದು ಸಡಿಲಿಸಿತು.

ಇಷ್ಟೆಲ್ಲ ಆದ ಮೇಲೂ ಅಮೆರಿಕದಲ್ಲಿ ಸರಕು ಹಿಂದಿರುಗುತ್ತಿದೆಯೇ? ಆಯೋಗವೇ 2017ರಲ್ಲಿ ನಡೆಸಿದ ಕಾರ್ಯಾಗಾರವೊಂದರಲ್ಲಿ ಮುಂದಿಟ್ಟ ಅಂಕಿಗಳು ಕಣ್ಣು ತೆರೆಸುವಂತಿವೆ. ಹಿಂಪಡೆದ ಒಟ್ಟು ವಸ್ತುಗಳಲ್ಲಿ ಸುಮಾರು ಶೇ 65ರಷ್ಟು ಸರಿಪಡಿಸಲ್ಪಟ್ಟಿವೆ ಅಥವಾ ಮರಳಿವೆ. ಕೇಳಲು ಹಿತವಾಗಿದೆ. ಆದರೆ ಇದರಲ್ಲಿ ಗೋದಾಮು ಮತ್ತು ಅಂಗಡಿಗಳಲ್ಲೇ ಉಳಿದಿದ್ದ ಸರಕೂ ಸೇರಿದೆ. ಗ್ರಾಹಕರ ಕೈ ಸೇರಿದ್ದ ವಸ್ತುಗಳನ್ನು ಮಾತ್ರ ಲೆಕ್ಕ ಹಿಡಿದರೆ ಆ ಪ್ರಮಾಣ ಶೇ 6. ನೂರು ಮನೆ ಹೊಕ್ಕ ಅಪಾಯದಲ್ಲಿ ತೊಂಬತ್ತನಾಲ್ಕು ಅಲ್ಲೇ ಉಳಿಯುತ್ತದೆ.

ಏಕೆ ಉಳಿಯುತ್ತದೆ ಎಂಬುದಕ್ಕೆ ಫಿಶರ್-ಪ್ರೈಸ್ ಸಂಸ್ಥೆಯ 'ರಾಕ್ ಎನ್ ಪ್ಲೇ' ಎಂಬ ಇಳಿಜಾರು ಹಾಸಿಗೆಯ ಕಥೆಯನ್ನು ನೋಡಿದರೆ ಸಾಕು. 2009ರಲ್ಲಿ ಮಾರುಕಟ್ಟೆಗೆ ಬಂದ ಅದರಲ್ಲಿ ಕೂಸು ಓರೆಯಾಗಿ ಮಲಗುತ್ತದೆ. ತಲೆ ಮುಂದಕ್ಕೆ ಬಾಗಿದರೆ ಅಥವಾ ಕೂಸು ಹೊರಳಿದರೆ ಉಸಿರು ಕಟ್ಟುತ್ತದೆ. ಶಿಶು ಸಮತಟ್ಟಾದ, ಗಟ್ಟಿಯಾದ ಹಾಸಿಗೆಯ ಮೇಲೆ ಅಂಗಾತ ಮಲಗಬೇಕು ಎಂದು ಅಲ್ಲಿಯ ಮಕ್ಕಳ ವೈದ್ಯರ ಅಕಾಡೆಮಿ ಸಾರುತ್ತಲೇ ಇತ್ತು. ಕೆನಡಾದಲ್ಲಿ ಇದನ್ನು ಮಲಗಿಸುವ ಹಾಸಿಗೆಯೆಂದು ಮಾರಲು ಆಗಲಿಲ್ಲ, ಕೂರಿಸಿ ಸಮಾಧಾನಪಡಿಸುವ ಆಸನವೆಂದು ಮಾರಿದರು. ಅಮೆರಿಕದಲ್ಲಿ ಮಾತ್ರ ಹತ್ತು ವರ್ಷ ಹಾಸಿಗೆಯಾಗಿಯೇ ಮಾರಾಟವಾಯಿತು. 2019ರ ಏಪ್ರಿಲಿನಲ್ಲಿ 'ಕನ್ಸ್ಯೂಮರ್ ರಿಪೋರ್ಟ್ಸ್' ಪತ್ರಿಕೆ ಸಾವುಗಳ ಲೆಕ್ಕವನ್ನು ಬಯಲಿಗೆಳೆದ ಕೆಲವೇ ದಿನಗಳಲ್ಲಿ 47 ಲಕ್ಷ ಹಾಸಿಗೆಗಳನ್ನು ಹಿಂಪಡೆಯುವ ಘೋಷಣೆ ಹೊರಬಿತ್ತು. ಆಗ ತಿಳಿದಿದ್ದ ಸಾವುಗಳು ಮೂವತ್ತಕ್ಕೂ ಹೆಚ್ಚು. 2023ರ ಜನವರಿಯಲ್ಲಿ ಆಯೋಗವು ಅದೇ ಹಾಸಿಗೆಯ ಹಿಂಪಡೆಯುವಿಕೆಯನ್ನು ಎರಡನೆಯ ಸಲ ಘೋಷಿಸಬೇಕಾಯಿತು. ಅಷ್ಟರಲ್ಲಿ ಲೆಕ್ಕ ಸುಮಾರು ನೂರಕ್ಕೆ ಏರಿತ್ತು. ಅವುಗಳಲ್ಲಿ ಕನಿಷ್ಠ ಎಂಟು ಸಾವುಗಳು ಮೊದಲ ಘೋಷಣೆಯ ನಂತರ ಸಂಭವಿಸಿದವು.

ಕಂಪನಿ ಕೊಟ್ಟ ಪರಿಹಾರದ ಸ್ವರೂಪವೂ ಗಮನಾರ್ಹ. ಆರು ತಿಂಗಳೊಳಗೆ ಕೊಂಡವರಿಗೆ ಪೂರ್ಣ ಹಣ. ಅದಕ್ಕಿಂತ ಹಳೆಯದಾದರೆ ಅದೇ ಕಂಪನಿಯ ಬೇರೊಂದು ವಸ್ತುವಿಗೆ ಕೂಪನ್ನು. ಅಪಾಯವೇನೋ ಹಳೆಯ ಹಾಸಿಗೆಯಲ್ಲೂ ಅಷ್ಟೇ. ಒಂದು ಮಗು ಬೆಳೆದ ಮೇಲೆ ಅಟ್ಟ ಸೇರಿದ್ದ ಹಾಸಿಗೆಯನ್ನು ಕಳಚಿ, ಅದರ ಭಾಗವನ್ನು ಅಂಚೆಗೆ ಹಾಕಿ, ಕೂಪನ್ನಿಗಾಗಿ ಕಾಯುವ ತಾಯಿ ಎಷ್ಟು ಮಂದಿ? ತಂಗಿಗೋ ನೆರೆಯವರಿಗೋ ಕೊಟ್ಟುಬಿಡುವುದೇ ಸುಲಭ. ಇದಕ್ಕಿಂತ ಹಿಂದಿನ ಪ್ರಶ್ನೆಯೊಂದಿದೆ: ಹತ್ತು ವರ್ಷ ಸುಮ್ಮನಿದ್ದದ್ದೇಕೆ? ಅಲ್ಲಿಯ ಕಾಯ್ದೆಯ ಕಲಮೊಂದರ ಪ್ರಕಾರ ಆಯೋಗವು ಕಂಪನಿಯ ಹೆಸರು ಹಿಡಿದು ಸಾರ್ವಜನಿಕರಿಗೆ ಎಚ್ಚರಿಕೆ ಹೇಳುವ ಮುನ್ನ ಆ ಕಂಪನಿಗೇ ತಿಳಿಸಿ ಅದರ ಮಾತು ಕೇಳಬೇಕು. ಸಹಜ ನ್ಯಾಯದ ಹೆಸರಿನಲ್ಲಿ ತಂದ ನಿಯಮ ಅದು. ಆಡಳಿತದಲ್ಲಿ ಕೆಲಸ ಮಾಡಿದವನಾಗಿ ಆರೋಪಿತನ ಮಾತು ಕೇಳಬೇಕೆಂಬ ತತ್ತ್ವಕ್ಕೆ ನನ್ನ ಗೌರವವಿದೆ. ಆದರೆ ಕಂಪನಿಯ ಮಾತು ಕೇಳುವ ತಿಂಗಳುಗಳಲ್ಲಿ ಕೂಸು ಅದೇ ಹಾಸಿಗೆಯಲ್ಲಿ ಮಲಗಿರುತ್ತದಲ್ಲ? 2025ರ ಮೇ ತಿಂಗಳಲ್ಲಿ ಅಧ್ಯಕ್ಷ ಟ್ರಂಪ್ ಈ ಆಯೋಗದ ಮೂವರು ಸದಸ್ಯರನ್ನೇ ವಜಾಗೊಳಿಸಿದರು, ಜುಲೈಯಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಅದಕ್ಕೆ ಅಡ್ಡಿಪಡಿಸಲಿಲ್ಲ. ಅರ್ಧ ಶತಮಾನದ ಸಂಸ್ಥೆಯೂ ಎಷ್ಟು ಬೇಗ ಬಡವಾಗಬಲ್ಲದು ಎಂಬುದಕ್ಕೆ ಬೇರೆ ನಿದರ್ಶನ ಬೇಡ.

ಅಮೆರಿಕದ ಕಥೆ ನಮಗೇಕೆ ಎನ್ನುವವರಿಗೆ ಒಂದು ಮಾತು. ಬೆಂಗಳೂರು, ಮೈಸೂರುಗಳ ಮಧ್ಯಮ ವರ್ಗದ ಎಷ್ಟೋ ಮನೆಗಳಲ್ಲಿ ಈಗ ಮಕ್ಕಳ ವಸ್ತುಗಳು ವಿಮಾನದಲ್ಲಿ ಬರುತ್ತವೆ. ಮಗಳ ಬಾಣಂತನಕ್ಕೆ ನ್ಯೂಜೆರ್ಸಿಗೆ ಹೋದ ಅಜ್ಜಿ ಹಿಂದಿರುಗುವಾಗ, ಇಲ್ಲಿಯ ಸೊಸೆಗೆಂದು ಮೊಮ್ಮಗು ಬಳಸಿ ಬಿಟ್ಟದ್ದನ್ನೆಲ್ಲ ಪೆಟ್ಟಿಗೆಗೆ ತುಂಬಿಕೊಂಡು ಬರುತ್ತಾರೆ. ನನ್ನ ಬಂಧುಗಳ ಮನೆಯಲ್ಲಿಯೇ ಇಂತಹುದೊಂದು ಇಳಿಜಾರು ಹಾಸಿಗೆಯನ್ನು ಕಂಡೆ. ಮೇಲೆ ಹೇಳಿದ ಕಂಪನಿಯದಲ್ಲ, ಆದರೆ ಬಗೆ ಅದೇ. 2022ರಲ್ಲಿ ಅಮೆರಿಕ ಈ ಬಗೆಯ ಹಾಸಿಗೆಗಳ ಮಾರಾಟವನ್ನೇ ಕಾಯ್ದೆಯಿಂದ ನಿಷೇಧಿಸಿದೆ ಎಂದಾಗ ಮನೆಯೊಡತಿ ನಕ್ಕು, "ಇದರಲ್ಲಿ ಎರಡು ಮಕ್ಕಳು ಬೆಳೆದಿವೆ, ಭಾವ" ಎಂದರು. ಮಕ್ಕಳು ಬೆಳೆದ ತೊಟ್ಟಿಲು ಶುಭ ಎಂಬುದು ನಮ್ಮ ನಂಬಿಕೆ. ಅಕ್ಕನ ಮನೆಯಿಂದ ತಂಗಿಯ ಮನೆಗೆ, ಅಲ್ಲಿಂದ ಕೆಲಸದಾಕೆಯ ಮನೆಗೆ ತೊಟ್ಟಿಲು ಸಾಗುವುದು ನಮ್ಮ ಮಿತವ್ಯಯದ, ನಮ್ಮ ಬಾಂಧವ್ಯದ ಭಾಗ. ಅದನ್ನು ಹೀಗಳೆಯಲು ನಾನು ಸಿದ್ಧನಿಲ್ಲ. ಆದರೆ ಹಿಂಪಡೆಯುವ ನೋಟಿಸು ಹೋಗುವುದು ಮೊದಲ ಕೊಂಡವರಿಗೆ, ಅದೂ ಹೋದರೆ. ಎರಡನೆಯ, ಮೂರನೆಯ ಮನೆಗೆ ತೊಟ್ಟಿಲು ಹೋಗುತ್ತದೆ, ನೋಟಿಸು ಹೋಗುವುದಿಲ್ಲ.

ಅಲ್ಲಿ ಶೇ 6 ಆದರೆ ಇಲ್ಲಿ ಅದಕ್ಕಿಂತ ಹೆಚ್ಚಾಗುವುದೆಂದು ನಿರೀಕ್ಷಿಸಲು ಕಾರಣವಿಲ್ಲ. ಫುಟ್‌ಪಾತಿನಲ್ಲಿ ಕೊಂಡದ್ದಕ್ಕೆ ರಸೀದಿ ಇರುವುದಿಲ್ಲ. ಇದ್ದ ರಸೀದಿ ಉಳಿಯುವುದಿಲ್ಲ. ಕೆಟ್ಟದ್ದನ್ನು ಎಸೆಯುವ ಬದಲು ರಿಪೇರಿ ಮಾಡಿಸುವ ಜನ ನಾವು. ಹಳೆಯ ಕುಕ್ಕರಿಗೆ ಬೀದಿಯ ಕೊನೆಯ ರಿಪೇರಿಯವನು ಹೊಸ ವಾಲ್ವು ಕೂರಿಸಿ ಕೊಡುತ್ತಾನೆ, ಅದು ಎಷ್ಟು ಶಾಖಕ್ಕೆ ಕರಗುತ್ತದೋ ದೇವರಿಗೇ ಗೊತ್ತು. ಇನ್ನು ಮನೆಯಲ್ಲಿ ಬೇಡವೆನಿಸಿದ ವಸ್ತು ಗುಜರಿಗೆ ಹೋಗಿ, ಅಲ್ಲಿಂದ ಸಂತೆಗೆ ಬಂದು, ಇನ್ನೊಂದು ಒಲೆಯ ಮೇಲೆ ಕೂರುತ್ತದೆ. ಆದ್ದರಿಂದ ಹಿಂಪಡೆಯುವಾಗ ಕೊಡುವ ಹಣವು ಗುಜರಿಯವನು ಕೊಡುವುದಕ್ಕಿಂತ, ಅಲ್ಲಿಗೆ ಹೋಗಿಬರುವ ತೊಂದರೆಯನ್ನೂ ಸೇರಿಸಿ, ಸಾಕಷ್ಟು ಹೆಚ್ಚಿರಬೇಕು. ಮತ್ತು ಅದು ರಸೀದಿ ಕೇಳದೆ ಸಿಗಬೇಕು. ವಸ್ತುವೇ ರಸೀದಿ. ಒಂದೆರಡು ಸುಳ್ಳು ಹಕ್ಕುದಾರರು ನುಸುಳಬಹುದು. ಅವರು ತಂದುಕೊಡುವುದೂ ಅಪಾಯದ ಕುಕ್ಕರನ್ನೇ ಆದ್ದರಿಂದ ಆ ನಷ್ಟವನ್ನು ತಯಾರಕ ಭರಿಸಲಿ.

ಕಾರುಗಳ ವಿಷಯದಲ್ಲಿ ಈ ಕೆಲಸ ಸಾಕಷ್ಟು ಸುಗಮವಾಗಿ ನಡೆಯುತ್ತದೆ ಎಂಬುದು ಆಕಸ್ಮಿಕವಲ್ಲ. 2012ರಿಂದ ತಯಾರಕರ ಸಂಘದ ಸ್ವಯಂಪ್ರೇರಿತ ನೀತಿಸಂಹಿತೆ ಇತ್ತು. 2019ರ ತಿದ್ದುಪಡಿಯ ಆಧಾರದ ಮೇಲೆ 2021ರ ಏಪ್ರಿಲಿನಿಂದ ಕಡ್ಡಾಯ ಹಿಂಪಡೆಯುವಿಕೆಯ ನಿಯಮಗಳೂ ಬಂದವು. ಅದಕ್ಕಿಂತ ಮುಖ್ಯವಾಗಿ ಪ್ರತಿ ಕಾರಿಗೂ ಒಂದು ನಂಬರಿದೆ, ಮಾಲೀಕನ ಹೆಸರು ಆರ್‌ಟಿಒ ದಾಖಲೆಯಲ್ಲಿದೆ. ಕಾರು ಕೈ ಬದಲಾದರೆ ದಾಖಲೆಯೂ ಬದಲಾಗುತ್ತದೆ. ತೊಟ್ಟಿಲಿಗೆ ಆರ್‌ಟಿಒ ಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಜಾಲತಾಣದಲ್ಲಿ ಮಾರಿದ ಪ್ರತಿಯೊಂದು ವಸ್ತುವಿನ ಹಿಂದೆ ಕೊಂಡವರ ಹೆಸರು, ಮೊಬೈಲ್ ಸಂಖ್ಯೆ, ಮನೆಯ ಬಾಗಿಲವರೆಗಿನ ವಿಳಾಸ ಮಾರಿದವರ ಬಳಿ ಇದೆ. ಹಬ್ಬದ ರಿಯಾಯಿತಿಯ ಸಂದೇಶವನ್ನು ದಿನಕ್ಕೆ ಮೂರು ಸಲ ಕಳಿಸಬಲ್ಲವರು, ನಿಮ್ಮ ಅಡುಗೆಮನೆಯ ಕುಕ್ಕರ್ ಸಿಡಿಯಬಹುದು ಎಂಬ ಸಂದೇಶವನ್ನೂ ಕಳಿಸಬಲ್ಲರು. ಕನ್ನಡದಲ್ಲೇ ಕಳಿಸಬಲ್ಲರು.

ಆಟಿಕೆಗಳ ವಿಚಾರದಲ್ಲಿ ನಮ್ಮ ಸರ್ಕಾರ ಇತ್ತೀಚಿನ ವರ್ಷಗಳಲ್ಲಿ ಬಿಗಿಯಾಗಿದೆ ಎಂಬುದನ್ನು ಒಪ್ಪಬೇಕು. ಭಾರತೀಯ ಗುಣಮಟ್ಟ ಮಂಡಳಿಯ 2019ರ ಪರೀಕ್ಷೆಯಲ್ಲಿ ಆಮದು ಆಟಿಕೆಗಳ ಮೂರನೆಯ ಎರಡು ಭಾಗದಷ್ಟು ಸುರಕ್ಷತಾ ಮಾನದಂಡ ದಾಟಲಿಲ್ಲ. 2021ರ ಜನವರಿ 1ರಿಂದ ಐಎಸ್ಐ ಗುರುತಿಲ್ಲದ ಆಟಿಕೆ ಮಾರುವಂತಿಲ್ಲ. 2023ರ ಜನವರಿಯಲ್ಲಿ ವಿಮಾನ ನಿಲ್ದಾಣ, ಮಾಲುಗಳ ದೊಡ್ಡ ಅಂಗಡಿಗಳ ಮೇಲೂ ದಾಳಿ ಮಾಡಿ 18,600 ಆಟಿಕೆಗಳನ್ನು ವಶಪಡಿಸಿಕೊಂಡ ಸುದ್ದಿ ಬಂತು. ಇದೇ ಅವಧಿಯಲ್ಲಿ ಆಟಿಕೆಗಳ ಆಮದು ಸುಂಕ ಶೇ 20ರಿಂದ 60ಕ್ಕೆ, ಬಳಿಕ 70ಕ್ಕೆ ಏರಿತು. ಇಲ್ಲಿ ನನಗೆ ಸ್ವಲ್ಪ ಅನುಮಾನ. ದೇಶೀ ಉದ್ಯಮದ ರಕ್ಷಣೆ ಒಂದು ನೀತಿ, ಮಕ್ಕಳ ರಕ್ಷಣೆ ಇನ್ನೊಂದು. ಎರಡನ್ನೂ ಒಂದೇ ಚೀಲದಲ್ಲಿ ಹಾಕಿದರೆ ಗಡಿಯಲ್ಲಿ ತಡೆದದ್ದೇ ಸಾಧನೆಯಾಗಿ, ಊರೊಳಗೆ ತಯಾರಾದದ್ದು ತಾನಾಗಿಯೇ ಸುರಕ್ಷಿತವೆಂಬ ಭಾವನೆ ಬೆಳೆಯುತ್ತದೆ. ಸೀಸಕ್ಕೆ ಸ್ವದೇಶಿ ವಿದೇಶಿ ಎಂಬ ಭೇದವಿಲ್ಲ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಪ್ರತಿಷ್ಠಾನವು ಏಳು ನಗರಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ 12 ವರ್ಷದೊಳಗಿನ ಅರ್ಧಕ್ಕಿಂತ ಹೆಚ್ಚು ಮಕ್ಕಳ ರಕ್ತದಲ್ಲಿ ಸೀಸ ಅಂದಿನ ಮಿತಿಯನ್ನು ಮೀರಿತ್ತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರಂತಹವರು ವರ್ಷಗಟ್ಟಲೆ ಕೂಗಿದ ಮೇಲೆ, ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ 2017ರ ನವೆಂಬರಿನಲ್ಲಿ ಜಾರಿಗೆ ಬಂತು. ಆ ಬಣ್ಣವೆಲ್ಲ ನಮ್ಮದೇ ಬಣ್ಣವಾಗಿತ್ತು.

ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಗುರುತಿನ ಸರಕುಗಳಿಗೂ ಆಟಿಕೆ ಆದೇಶದಿಂದ ವಿನಾಯಿತಿ ಇದೆ. ಚನ್ನಪಟ್ಟಣದ ಗೊಂಬೆ ಅದರಡಿ ಬರುತ್ತದೆ. ಆಲೆ ಮರದ ತುಂಡಿಗೆ ತಿರುಗಣಿಯ ಮೇಲೆ ಅರಗು ಒತ್ತಿ, ಅರಿಸಿನವೇ ಮೊದಲಾದ ಸಸ್ಯಮೂಲದ ಬಣ್ಣ ಕೊಟ್ಟು ಮಾಡುವ ಆ ಗೊಂಬೆಯನ್ನು ಕೂಸು ಬಾಯಿಗಿಟ್ಟರೂ ಭಯವಿಲ್ಲ. ಬಡ ಕುಶಲಕರ್ಮಿಯ ಮೇಲೆ ಪರೀಕ್ಷಾ ಶುಲ್ಕ ಹೇರದಿದ್ದುದು ಸರಿ. ಆದರೆ ಪರೀಕ್ಷೆಯನ್ನೇ ಬಿಟ್ಟುಬಿಟ್ಟದ್ದು ಸರಿಯಲ್ಲ. ಅಗ್ಗದ ಬಣ್ಣ ಬಳಿದ ನಕಲಿ ಗೊಂಬೆ ಅದೇ ಹೆಸರಿನಲ್ಲಿ ಮಾರಾಟವಾದರೆ ಮೊದಲು ಹೆಸರು ಕಳೆದುಕೊಳ್ಳುವವನು ನಿಜವಾದ ಕುಶಲಕರ್ಮಿ. ಪರೀಕ್ಷೆಯ ಖರ್ಚನ್ನು ಸರ್ಕಾರ ಹೊತ್ತರೆ ಬೊಕ್ಕಸವೇನೂ ಬರಿದಾಗದು.

ಎಲ್ಲಕ್ಕಿಂತ ಮೊದಲು ಅಪಾಯ ಯಾವುದರಲ್ಲಿದೆ ಎಂದು ಗೊತ್ತಾಗಬೇಕಲ್ಲ. ಅಮೆರಿಕದ ಆಯೋಗವು ಸುಮಾರು ನೂರು ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗಗಳಿಂದ, ಯಾವ ವಸ್ತುವಿನಿಂದ ಯಾರಿಗೆ ಎಂತಹ ಗಾಯವಾಯಿತು ಎಂಬ ವಿವರವನ್ನು ನಿತ್ಯ ತರಿಸಿಕೊಳ್ಳುತ್ತದೆ. ನಮ್ಮಲ್ಲಿ ದೀಪಾವಳಿಯ ಮರುದಿನ ಮಿಂಟೊ ಆಸ್ಪತ್ರೆಯಲ್ಲಿ ಪಟಾಕಿಯಿಂದ ಕಣ್ಣಿಗೆ ಗಾಯವಾದ ಮಕ್ಕಳೆಷ್ಟು ಎಂಬ ಲೆಕ್ಕ ಪ್ರತಿವರ್ಷ ಪತ್ರಿಕೆಗಳಲ್ಲಿ ಬರುತ್ತದೆ. ಆ ಲೆಕ್ಕದಿಂದಲೇ ಜನ ಜಾಗೃತರಾದರು, ಸರ್ಕಾರವೂ ಎಚ್ಚೆತ್ತಿತು. ಉಳಿದ ದಿನಗಳಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಬರುವ ಮಹಿಳೆಯ ಕೇಸ್ ಶೀಟಿನಲ್ಲಿ ಗಾಯದ ಶೇಕಡಾವಾರು ಇರುತ್ತದೆ. ಅದರ ಪಕ್ಕದಲ್ಲಿ ಸಿಡಿದ ಕುಕ್ಕರಿನ ಹೆಸರು, ಮಾದರಿ, ಐಎಸ್ಐ ಗುರುತು ಇತ್ತೇ ಇಲ್ಲವೇ ಎಂಬ ಮೂರು ಕಲಮುಗಳನ್ನು ಸೇರಿಸಲು ಹೊಸ ಕಾಯ್ದೆ ಬೇಕಿಲ್ಲ, ಆರೋಗ್ಯ ಇಲಾಖೆಯ ಒಂದು ಸುತ್ತೋಲೆ ಸಾಕು. 2017ರ ನವೆಂಬರಿನಲ್ಲಿ ಆಂಧ್ರದ ಏಲೂರಿನಲ್ಲಿ ಚಿಪ್ಸ್ ಪೊಟ್ಟಣದೊಳಗೆ ಉಚಿತವಾಗಿ ಇಟ್ಟಿದ್ದ ಪ್ಲಾಸ್ಟಿಕ್ ಆಟಿಕೆಯನ್ನು ತಿಂಡಿಯೆಂದೇ ನುಂಗಿ ನಾಲ್ಕು ವರ್ಷದ ಮಗುವೊಂದು ಸತ್ತಿತು. ತಿಂಡಿಯ ಪೊಟ್ಟಣದಲ್ಲಿ ಆಟಿಕೆ ಇಡಬಾರದೆಂಬ ಮಾತಿಗೆ ಬಲ ಬಂದದ್ದು ಆ ನಂತರ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು.

ರಾಜ್ಯ ಸರ್ಕಾರದ ಕೈಯಲ್ಲೇ ಇರುವ ಇನ್ನೊಂದು ಕೆಲಸವಿದೆ. ಗ್ರಾಮೀಣ ಭಾಗದ ದುಡಿಯುವ ತಾಯಂದಿರ ಮಕ್ಕಳಿಗಾಗಿ 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ'ಗಳನ್ನು ಆರಂಭಿಸಲಾಯಿತು. ಸ್ತುತ್ಯರ್ಹ ಯೋಜನೆ. ಅಂಗನವಾಡಿಗಳಂತೆ ಅಲ್ಲಿಗೂ ಆಟಿಕೆ ಬೇಕು, ಮಲಗಿಸಲು ಏರ್ಪಾಡು ಬೇಕು, ಅಡುಗೆಗೆ ಕುಕ್ಕರ್ ಬೇಕು. ಸರ್ಕಾರಿ ಖರೀದಿಯ ರೀತಿ ನನಗೆ ಗೊತ್ತು: ಕನಿಷ್ಠ ದರ ಯಾರದೋ ಅವರಿಗೆ ಆದೇಶ. ಟೆಂಡರಿನ ಷರತ್ತುಗಳಲ್ಲಿ ಮಾನಕ ಗುರುತಿನ ಜೊತೆಗೆ, ಮುಂದೆ ಈ ಮಾದರಿ ಹಿಂಪಡೆಯಲ್ಪಟ್ಟರೆ ಪೂರೈಕೆದಾರನೇ ಪ್ರತಿ ಕೇಂದ್ರಕ್ಕೂ ಹೋಗಿ ಬದಲಿ ಕೊಡಬೇಕೆಂಬ ಒಂದು ಸಾಲನ್ನು ಸೇರಿಸಬಹುದು. ಮೇಲ್ವಿಚಾರಕಿಯ ತಪಾಸಣಾ ಪಟ್ಟಿಯಲ್ಲಿ ಇನ್ನೊಂದು ಸಾಲು. ಚಿಕಾಗೋದ ತಪಾಸಕರ ಪಟ್ಟಿಯಲ್ಲಿ ಆ ಸಾಲು ಇರಲಿಲ್ಲ.

ಕೇಂದ್ರ ಪ್ರಾಧಿಕಾರ ದೆಹಲಿಯಲ್ಲಿದೆ, ಸಾಮಾನ್ಯನಿಗೆ ದೂರ ಎನ್ನುವವರು 2019ರ ಕಾಯ್ದೆಯ 16 ಮತ್ತು 17ನೆಯ ಕಲಮುಗಳನ್ನು ಓದಬೇಕು. ಗ್ರಾಹಕರ ಸಮೂಹಕ್ಕೆ ಹಾನಿಯಾಗುವ ವಿಷಯದಲ್ಲಿ ಯಾವ ನಾಗರಿಕನೂ ತನ್ನ ಜಿಲ್ಲಾಧಿಕಾರಿಗೇ ಲಿಖಿತ ದೂರು ಕೊಡಬಹುದು. ಜಿಲ್ಲಾಧಿಕಾರಿಯು ವಿಚಾರಣೆ ನಡೆಸಿ ಪ್ರಾಧಿಕಾರಕ್ಕೆ ವರದಿ ಕಳಿಸಬಹುದು. ಬಗರ್‌ಹುಕುಂನಿಂದ ಹಿಡಿದು ಚುನಾವಣೆಯವರೆಗೆ ನೂರು ಹೊಣೆ ಹೊತ್ತ ಅಧಿಕಾರಿಗೆ ಇದು ನೂರ ಒಂದನೆಯದು. ಆದರೂ ಕೊಂಡ ಕುಕ್ಕರಿನ ಅಥವಾ ಮಗುವಿನ ಗಾಡಿಯ ದೋಷವನ್ನು, ಅದರ ಫೋಟೋ ಸಮೇತ ಬರೆದು ಜಿಲ್ಲಾಧಿಕಾರಿ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ಪಡೆಯಲು ವಕೀಲರು ಬೇಕಿಲ್ಲ. ಅರ್ಜಿಯ ತಲೆಯ ಮೇಲೆ ಕಾಯ್ದೆಯ ಹೆಸರು, ಕಲಮಿನ ಸಂಖ್ಯೆ ಸ್ಪಷ್ಟವಾಗಿರಲಿ. ಇಲ್ಲವಾದರೆ ಅದು ಆಹಾರ ಶಾಖೆಗೆ ಹೋಗಿ ಪಡಿತರ ಚೀಟಿಯ ಅರ್ಜಿಗಳ ನಡುವೆ ಸೇರಿಕೊಳ್ಳುತ್ತದೆ.